ಸ್ಟ್ಯಾಂಡ್‌ಬೈ ತೆಗೆದ ಕೂಡ್ಲೆ ರೆಕ್ಟಿಫೈಯರ್ ಟ್ಯೂಬ್‌ನಾಗ ನೀಲಿ ಮಿಂಚು: ಹೊಸಾ ಟ್ಯೂಬ್ ಹಾಕೂದಕ್ಕಿಂತ ಮೊದಲ ಏನೇನು ನೋಡಬೇಕು?

ಆರನೇ ತಂತಿ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ಕೈಲೆ ಕಟ್ಟಿದ ಗಿಟಾರ್ ಆಂಪ್ಲಿಫೈಯರ್ ಐತಿ, ಫೆಂಡರ್ ಟ್ವೀಡ್ ಡಿಲಕ್ಸ್‌ನ 5ಇ3 ಸರ್ಕೀಟ್. 6ವಿ6ಜಿಟಿ ಎರಡು, 12ಎವೈ7 ಒಂದು, 12ಎಎಕ್ಸ್7 ಒಂದು, ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡೂ ಟ್ಯೂಬ್) 5ವೈ3ಜಿಟಿ. ಟ್ರಾನ್ಸ್‌ಫಾರ್ಮರ್ ಪ್ರೈಮರಿ 230 ವೋಲ್ಟ್, ಎಚ್‌ಟಿ (ದೊಡ್ಡ ವೋಲ್ಟೇಜ್ ವೈಂಡಿಂಗ್) 325-0-325. ಸೆಕೆಂಡ್ ಹ್ಯಾಂಡ್ ಮಾಲು, ನಡುವ ಯಾರ್ ಯಾರ್ದೋ ಕೈ ಆಡೇತಿ.

ತ್ರಾಸು ಹಿಂಗದ: ಪವರ್ ಹಾಕಿ ಒಂದು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ (ಟ್ಯೂಬ್ ಕಾಯೂವರೆಗೆ ದೊಡ್ಡ ವೋಲ್ಟೇಜ್ ತಡಿಯೂ ಸ್ವಿಚ್) ತೆಗೆದ್ರ 5ವೈ3 ಒಳಗ ನೀಲಿ ಮಿಂಚು ಹೊಡದು ಸಪ್ಪಳ ಬಂದ್. ಆ ಟ್ಯೂಬ್ ತಗದು ಜಿಝೆಡ್34 ಹಾಕಿದಾಗ ಎರಡು ವಾರ ಚಲೋ ನಡೀತು, ಬಿ ಪ್ಲಸ್ (ರೆಕ್ಟಿಫೈಯರ್ ಕೊಡೂ ಡಿಸಿ) 402 ವೋಲ್ಟ್, 6ವಿ6 ಕ್ಯಾಥೋಡ್ ಮ್ಯಾಲೆ 23 ವೋಲ್ಟ್ ಬರ್ತಿತ್ತು. ಆಮ್ಯಾಲೆ ಅದೂ ಹಂಗ ಮಿಂಚಿ ಮೇನ್ಸ್ ಫ್ಯೂಸ್ ಹೋತು. ಫ್ಯೂಸ್ ತಗದು ನೋಡಿದ್ರ 3 ಆಂಪಿಯರಿಂದು. ಹೊಸಾ 5ವೈ3 ಡಬ್ಬಿಯೊಳಗ ಕೂತೈತಿ. ಹಾಕ್ಲೋ ಬ್ಯಾಡೋ?

ವಾಲ್ವ್ ಕಾಕಾ (ಧಾರವಾಡ)

ಬ್ಯಾಡ. ಡಬ್ಬಿಯೊಳಗ ಇರಲಿ ಅದು.

ರೆಕ್ಟಿಫೈಯರ್ ತಾನಾಗಿ ಸಾಯೂದು ಕಡಿಮಿ, ಅದನ್ನ ಸಾಯಸೂದು ಅದರ ಮುಂದಿನ ಸಾಮಾನು. ಒಂದು ಟ್ಯೂಬ್ ಹೋತಂದ್ರ ಟ್ಯೂಬ್ ಖರಾಬ್ ಅನಬಹುದು. ಬ್ಯಾರೆ ಬ್ಯಾರೆ ಎರಡು ಒಂದ ರೀತಿ ಮಿಂಚಿ ಹೋದ್ರ ಸರ್ಕೀಟ್ ಮ್ಯಾಲೆ ಸಂಶಯ ಪಡಬೇಕು. ಮೊದಲ ಮೂರು ಪ್ರಶ್ನೆಕ್ಕ ಉತ್ತರ ಕೊಡ್ರಿ.

ಸ್ಟ್ಯಾಂಡ್‌ಬೈ ಸ್ವಿಚ್ ಎಲ್ಲೈತಿ? ರೆಕ್ಟಿಫೈಯರ್ ಸಾಕೆಟಿನ 8ನೇ ಪಿನ್ ಮತ್ತು ಮೊದಲನೇ ಫಿಲ್ಟರ್ ಕೆಪ್ಯಾಸಿಟರ್ ನಡುವೋ, ಕೆಪ್ಯಾಸಿಟರ್ ಆದ ಮ್ಯಾಲೋ?

ಮೊದಲನೇ ಕೆಪ್ಯಾಸಿಟರ್ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟಿಂದು? ಮೈಮ್ಯಾಲೆ ಬರದಿದ್ದನ್ನ ಓದಿ ಹೇಳ್ರಿ, ನೆನಪಿಲೆ ಬ್ಯಾಡ.

ಎಲ್ಲಾ ಟ್ಯೂಬ್ ತಗದು, ಪ್ಲಗ್ ಕಿತ್ತು, ಕೆಪ್ಯಾಸಿಟರ್ ಖಾಲಿ ಮಾಡಿ, ಎಚ್‌ಟಿ ವೈರ್ ಎರಡನ್ನೂ ಸಾಕೆಟಿನ 4, 6ನೇ ಪಿನ್‌ನಿಂದ (ಪ್ಲೇಟ್ ಪಿನ್) ಬಿಚ್ಚಿ 8ನೇ ಪಿನ್‌ನಿಂದ ಚಾಸಿಗೆ ಎಷ್ಟು ಓಮ್? ಸ್ಟ್ಯಾಂಡ್‌ಬೈ ಎರಡೂ ಕಡೆ ಇಟ್ಟು ನೋಡ್ರಿ.

ಖಾಲಿ ಮಾಡೂದಂದ್ರ ಸ್ಕ್ರೂಡ್ರೈವರ್ ಅಡ್ಡ ಹಿಡದು ಚಟ್ ಅನಸೂದಲ್ಲ. 10ಕೆ, 5 ವ್ಯಾಟ್ ರೆಸಿಸ್ಟರ್ ಒಂದರ ಎರಡೂ ತುದಿಗೆ ಇನ್ಸುಲೇಟೆಡ್ ಕ್ಲಿಪ್ ವೈರ್ ಹಾಕ್ರಿ. ಒಂದು ಕ್ಲಿಪ್ ಮೊದಲ ಚಾಸಿಗೆ, ಆಮ್ಯಾಲೆ ಇನ್ನೊಂದು ಕೆಪ್ಯಾಸಿಟರ್ ಪ್ಲಸ್‌ಗೆ, ಒಂದ ಕೈಲೆ. ಹತ್ತು ಸೆಕೆಂಡ್ ಬಿಟ್ಟು ಮೀಟರ್ ಹಚ್ಚಿ 10 ವೋಲ್ಟ್‌ಗಿಂತ ಕೆಳಗ ಬಂದೈತೇನು ನೋಡ್ರಿ. ಮೂರೂ ಕೆಪ್ಯಾಸಿಟರ್‌ಗೆ ಹಿಂಗ. ಟ್ಯೂಬ್ ಇಲ್ಲದ ಆಂಪ್ಲಿಫೈಯರ್‌ನಾಗ ಚಾರ್ಜ್ ಇಳಿಯಾಕ ದಾರಿನ ಇರೂದಿಲ್ಲ, ತಾಸುಗಟ್ಟಲೆ ಹಂಗ ಕೂತಿರ್ತೈತಿ.

ಬೆಟಗೇರಿ ಸೋಲ್ಡರ್ (ಗದಗ)

ಕಾಕಾ ಹೇಳಿದ್ದಕ್ಕ ಒಂದು ಸೇರಸ್ತೀನಿ. 5 ವೋಲ್ಟ್ ವೈಂಡಿಂಗ್ ಅಂತ ಸಸಾರ ಮಾಡಬ್ಯಾಡ್ರಿ. 5ವೈ3ದಾಗ ಫಿಲಮೆಂಟೇ ಕ್ಯಾಥೋಡ್, ಬಿ ಪ್ಲಸ್ ಹೊರಗ ಬರೂದೂ ಅದರಿಂದನ. ಅಂದ್ರ 2 ಮತ್ತ 8ನೇ ಪಿನ್ ನಡುವ 5 ವೋಲ್ಟ್ ಇದ್ದರೂ ಚಾಸಿಗೆ ಹೋಲಿಸಿದ್ರ ಎರಡೂ 360-400 ವೋಲ್ಟ್ ಮ್ಯಾಲೆ ಕೂತಿರ್ತಾವು. ಹೀಟರ್ ವೋಲ್ಟೇಜ್ ನೋಡಬೇಕಂದ್ರ ಪವರ್ ಬಂದ್ ಇದ್ದಾಗ ಕ್ಲಿಪ್ ಹಾಕಿ, ಕೈ ತಗದು, ಆಮ್ಯಾಲೆ ಪವರ್ ಹಾಕ್ರಿ. ಮೀಟರ್ 1000 ವೋಲ್ಟ್ ತಾಳೂವಂಥಾದ್ದು ಇರಬೇಕು. ರಸ್ತೆ ಮ್ಯಾಲೆ ಸಿಗೂ ಹಳದಿ ಮೀಟರ್ ಇದಕ್ಕ ಅಲ್ಲ.

ಆರನೇ ತಂತಿ (ಹುಬ್ಬಳ್ಳಿ)

ಕಾಕಾ, ನೋಡಿದೆ. ಸ್ಟ್ಯಾಂಡ್‌ಬೈ ಇರೂದು 8ನೇ ಪಿನ್ ಮತ್ತು ಮೊದಲನೇ ಕೆಪ್ಯಾಸಿಟರ್ ನಡುವನ. ಸಣ್ಣ ಟಾಗಲ್ ಸ್ವಿಚ್, ಮ್ಯಾಲೆ 250 ವೋಲ್ಟ್ ಎಸಿ 3 ಆಂಪಿಯರ್ ಅಂತ ಬರದೈತಿ.

ಮೊದಲನೇ ಕೆಪ್ಯಾಸಿಟರ್ 47 ಮೈಕ್ರೋಫ್ಯಾರಡ್ 450 ವೋಲ್ಟ್. ಮುಂದಿನವು ಎರಡೂ 22, 450 ವೋಲ್ಟ್.

8ನೇ ಪಿನ್‌ನಿಂದ ಚಾಸಿಗೆ: ಸ್ಟ್ಯಾಂಡ್‌ಬೈ ತೆರೆದಿದ್ದಾಗ ಮೀಟರ್ ಏನೂ ತೋರಸೂದಿಲ್ಲ. ಸ್ವಿಚ್ ಕೂಡಿಸಿದ್ರ ಸಣ್ಣದರಿಂದ ಏರಕೋಂತ ಹೋಗಿ 200ಕೆ ದಾಟ್ತೈತಿ, ನಿಂದರೂದಿಲ್ಲ. ಎಚ್‌ಟಿ ವೈಂಡಿಂಗ್ ಸೆಂಟರ್ ಟ್ಯಾಪಿನಿಂದ ಒಂದು ಕಡೆ 108 ಓಮ್, ಇನ್ನೊಂದು ಕಡೆ 115.

ವಿದ್ಯಾನಗರ ಎಲೆಕ್ಟ್ರಿಕಲ್

ಈ ಅಂಕಿಗಳಿಂದಲೇ ಸಾಕಷ್ಟು ತಿಳಿಯುತ್ತದೆ. ಮೊದಲು ಸಮಾಧಾನದ ಸುದ್ದಿ: ಫಿಲ್ಟರ್ ಕೆಪ್ಯಾಸಿಟರ್ ಶಾರ್ಟ್ ಆಗಿಲ್ಲ, ಓಮ್ ಏರುತ್ತಾ ಹೋಗುವುದು ಅದು ಚಾರ್ಜ್ ಆಗುತ್ತಿರುವ ಲಕ್ಷಣ. ವೈಂಡಿಂಗ್‌ನ 108-115 ವ್ಯತ್ಯಾಸವೂ ಸಹಜ. ಹೊರಗಿನ ಸುತ್ತಿನ ಅರ್ಧಕ್ಕೆ ತಂತಿ ಹೆಚ್ಚು ಹೋಗುತ್ತದೆ, ಹಾಗಾಗಿ ಎರಡೂ ಕಡೆ ಒಂದೇ ಬರುವುದು ಅಪರೂಪ. ಒಂದು ಕಡೆ 108, ಇನ್ನೊಂದು ಕಡೆ 60 ಬಂದಿದ್ದರೆ ಗಾಬರಿಯಾಗಬೇಕಿತ್ತು.

ಇನ್ನು ಮಿಂಚು ಯಾಕೆ. 325 ವೋಲ್ಟ್ ಆರ್‌ಎಂಎಸ್ ಎಂದರೆ ಶಿಖರದಲ್ಲಿ ಸುಮಾರು 460 ವೋಲ್ಟ್. ಒಂದು ನಿಮಿಷ ಕಾದ ಫಿಲಮೆಂಟ್ ಪೂರ್ತಿ ಬಿಸಿಯಾಗಿರುತ್ತದೆ, ಕೆಪ್ಯಾಸಿಟರ್ ಪೂರ್ತಿ ಖಾಲಿಯಾಗಿರುತ್ತದೆ. ಖಾಲಿ ಕೆಪ್ಯಾಸಿಟರ್ ಆ ಕ್ಷಣಕ್ಕೆ ಶಾರ್ಟ್ ಇದ್ದಂತೆಯೇ. ಆಗ ಕರೆಂಟನ್ನು ತಡೆಯುವುದು ವೈಂಡಿಂಗ್‌ನ 110 ಓಮ್ ಚಿಲ್ಲರೆ ಮತ್ತು ಟ್ಯೂಬಿನ ಒಳತಡೆ, ಎರಡೇ. ಟ್ಯೂಬಿನ ತಡೆ ಬಿಟ್ಟು ಲೆಕ್ಕ ಹಾಕಿದರೆ 460 ಭಾಗ 110, ಅಂದರೆ 4 ಆಂಪಿಯರ್ ದಾಟುತ್ತದೆ. ಟ್ಯೂಬಿನ ತಡೆ ಸೇರಿದಾಗ ಇಳಿಯುತ್ತದೆ ನಿಜ, ಆದರೆ 5ವೈ3ಜಿಟಿಗೆ ಹಳೆಯ ಕೈಪಿಡಿಗಳು ಕೊಡುವ ಹಾಟ್ ಸ್ವಿಚಿಂಗ್ ಮಿತಿ 2.5 ಆಂಪಿಯರ್ ಮಾತ್ರ. ಸ್ಟ್ಯಾಂಡ್‌ಬೈ ತೆಗೆದಾಗಲೆಲ್ಲ ಆ ಗಡಿಯ ಹತ್ತಿರ ಹೊಡೆತ ಬೀಳುತ್ತಿದೆ. 16 ಇರಬೇಕಾದ ಜಾಗದಲ್ಲಿ 47 ಇರುವುದರಿಂದ ಹೊಡೆತದ ಅವಧಿಯೂ ಮೂರು ಪಟ್ಟು.

ಹೀಗೆ ಪದೇ ಪದೇ ಆದರೆ ಫಿಲಮೆಂಟ್ ಮೇಲಿನ ಆಕ್ಸೈಡ್ ಲೇಪ ಚೂರು ಚೂರಾಗಿ ಕಿತ್ತು ಬರುತ್ತದೆ. ಆ ಚೂರು ಪ್ಲೇಟಿಗೂ ಫಿಲಮೆಂಟಿಗೂ ನಡುವೆ ಸಿಕ್ಕಿಕೊಂಡಾಗ ಆರ್ಕ್ ಹೊತ್ತಿಕೊಳ್ಳುತ್ತದೆ. ನೀಲಿ ಮಿಂಚು ಅದೇ. ಸತ್ತ ಟ್ಯೂಬನ್ನು ಬೋರಲು ಮಾಡಿ ಮೆಲ್ಲಗೆ ತಟ್ಟಿ, ಗಾಜಿನ ತಲೆಯಲ್ಲಿ ಬಿಳಿ ಪುಡಿ ಉದುರಿದರೆ ಲೇಪ ಕಿತ್ತಿದೆ ಎಂದೇ ಅರ್ಥ.

ಹಾವೇರಿ ಆರ್ಕೆಸ್ಟ್ರಾ

ಅಲ್ರಿ, ಸ್ಟ್ಯಾಂಡ್‌ಬೈ ಇರೂದ ಟ್ಯೂಬ್ ಉಳಸಾಕ ಅಂತ ಎಲ್ಲಾರೂ ಹೇಳ್ತಾರಲ್ಲ? ಕ್ಯಾಥೋಡ್ ಕಾಯೂದಕ್ಕಿಂತ ಮೊದಲ ವೋಲ್ಟೇಜ್ ಬಂದ್ರ 6ವಿ6 ಹಾಳಾಗ್ತಾವು ಅಂತ.

ವಾಲ್ವ್ ಕಾಕಾ (ಧಾರವಾಡ)

ಆ ಮಾತು ಸಾವಿರಾರು ವೋಲ್ಟಿನ ಟ್ರಾನ್ಸ್‌ಮಿಟರ್ ಟ್ಯೂಬ್‌ಗೆ. ಗಿಟಾರ್ ಆಂಪ್ಲಿಫೈಯರ್‌ನ 400 ವೋಲ್ಟ್‌ಗೆ ಅದರ ಅಂಜಿಕಿ ಬ್ಯಾಡ. ಈ ಪೆಟ್ಟಿಗ್ಯಾಗ ಸ್ಟ್ಯಾಂಡ್‌ಬೈ ಉಳಸಾಕತ್ತಿದ್ದು ಏನೂ ಇಲ್ಲ, ಕೊಲ್ಲಾಕತ್ತಿದ್ದು ರೆಕ್ಟಿಫೈಯರ್.

ಆದ್ರ ಒಂದು ಖರೆ. 5ವೈ3 ಫಿಲಮೆಂಟ್ ನೇರ ಕಾಯ್ತೈತಿ, ಎರಡು ಮೂರು ಸೆಕೆಂಡಿನ್ಯಾಗ ಬಿ ಪ್ಲಸ್ ಕೊಡ್ತೈತಿ. 6ವಿ6 ಕಾಯಾಕ ಅದರ ಮೂರು ನಾಕು ಪಟ್ಟು ಹೊತ್ತು ಬೇಕು. ಅಷ್ಟೊತ್ತು ಲೋಡ್ ಇಲ್ಲದ ಬಿ ಪ್ಲಸ್ 450 ಮ್ಯಾಲೆ ಹೋಗ್ತೈತಿ. ಹಂಗಾಗಿ 450 ವೋಲ್ಟಿನ ಕೆಪ್ಯಾಸಿಟರ್ ಸಾಲೂದಿಲ್ಲ, 500 ವೋಲ್ಟಿಂದು ಬೇಕು. ಜಿಝೆಡ್34 ಪರೋಕ್ಷವಾಗಿ ಕಾಯೂ ಟ್ಯೂಬ್, ಅದು ತಾನ 6ವಿ6 ಜೋಡಿ ನಿಧಾನ ಏರ್ತೈತಿ, ಈ ಪ್ರಶ್ನೆನ ಇರೂದಿಲ್ಲ. ಈಗ ಮಾರಾಟಕ್ಕಿರೋ ಕೆಲವು ರಷ್ಯನ್ 5ವೈ3ಜಿಟಿ ಹೆಸರಿಗಷ್ಟ 5ವೈ3, ಒಳಗ ಅವೂ ಪರೋಕ್ಷನ. ಗುರ್ತ ಹಿಡಿಯೂದು ಸಸಾರ: ಪವರ್ ಹಾಕಿ ಬಿ ಪ್ಲಸ್ ನೋಡ್ರಿ. ತಟ್ಟನ ಏರಿದ್ರ ನೇರ, ಹತ್ತು ಸೆಕೆಂಡ್ ಮ್ಯಾಲೆ ಏರಿದ್ರ ಪರೋಕ್ಷ. ಅಂಥಾದ್ರಾಗ ಬಿ ಪ್ಲಸ್ ಖರೆ 5ವೈ3ಕ್ಕಿಂತ ತುಸು ಹೆಚ್ಚು ಬರ್ತೈತಿ.

ಬೆಟಗೇರಿ ಸೋಲ್ಡರ್ (ಗದಗ)

ಜಿಝೆಡ್34 ಹಾಕಿದಾಗಿನ ಅಂಕಿ ಯಾರೂ ಹಿಡೀಲಿಲ್ಲ, ಅದನ್ನ ನೋಡ್ರಿ. 6ವಿ6 ಕ್ಯಾಥೋಡ್ 23 ವೋಲ್ಟ್, 5ಇ3ದಾಗ ಅದರ ರೆಸಿಸ್ಟರ್ 250 ಓಮ್, ಅಂದ್ರ 92 ಮಿಲಿಆಂಪ್. ಸ್ಕ್ರೀನಿಗೆ (ಟ್ಯೂಬಿನ ಎರಡನೇ ಗ್ರಿಡ್) ಒಂದು 6 ತಗದ್ರ 86, ಒಂದು ಟ್ಯೂಬಿಗೆ 43. ಪ್ಲೇಟಿನಿಂದ ಕ್ಯಾಥೋಡಿಗೆ 370 ವೋಲ್ಟ್ ಹಿಡಿದ್ರ ಒಂದೊಂದು 6ವಿ6 ಮ್ಯಾಲೆ 16 ವ್ಯಾಟ್ ಹತ್ರ. 6ವಿ6ಜಿಟಿ ಮಿತಿ ಹಳೇ ಲೆಕ್ಕದಾಗ 12, ಆಮ್ಯಾಲಿನ ಲೆಕ್ಕದಾಗ 14. ಎರಡು ವಾರ ಚಲೋ ನಡೀತು ಅಂತೀರಿ, 6ವಿ6 ಎರಡೂ ಸುಡಕೋಂತ ನಡದಾವು. ಕತ್ತಲದಾಗ ಪ್ಲೇಟ್ ಕೆಂಪಾಗಿದ್ವೇನು?

ಆ ಟ್ಯೂಬ್ ತಪ್ಪೇನಲ್ಲ. ಜಿಝೆಡ್34 ಒಳಗ 225 ಮಿಲಿಆಂಪಿಗೂ ಬೀಳೂದು 17 ವೋಲ್ಟ್ ಅಷ್ಟ, 5ವೈ3 ಒಳಗ 125 ಮಿಲಿಆಂಪಿಗೆ 60 ಹತ್ರ ಬೀಳ್ತೈತಿ. ಟ್ವೀಡ್ ಸರ್ಕೀಟ್ ಆ ಬೀಳೂ ವೋಲ್ಟ್ ನಂಬಿ ಕಟ್ಟಿದ್ದು. ಸಾಕೆಟಿಗೆ ಕೂತೈತಿ ಅಂದ ಮಾತ್ರಕ್ಕ ಬದ್ಲಿ ಅಲ್ಲ ಅದು.

5ಯು4ಜಿಬಿನೂ ಹಾಕಬ್ಯಾಡ್ರಿ ಮತ್ತ. ಅದರ ಫಿಲಮೆಂಟ್ 3 ಆಂಪಿಯರ್ ಕೇಳ್ತೈತಿ, 5ವೈ3 ಕೇಳೂದು 2. ನಿಮ್ಮ ಟ್ರಾನ್ಸ್‌ಫಾರ್ಮರ್‌ನ 5 ವೋಲ್ಟ್ ವೈಂಡಿಂಗ್ 2 ಆಂಪಿಯರಿಂದು ಇದ್ರ ಅದು ಒಳಗ ಒಳಗ ಕಾಯ್ದು ಒಂದಿನ ಹೋಗ್ತೈತಿ. ಟ್ಯೂಬ್ ಹೋದ್ರ ಇನ್ನೊಂದು ತರಬಹುದು, ಟ್ರಾನ್ಸ್‌ಫಾರ್ಮರ್ ಹೋದ್ರ ಪೂರಾ ಸುತ್ತಸಬೇಕು.

ವಾಲ್ವ್ ಕಾಕಾ (ಧಾರವಾಡ)

ಇನ್ನೊಂದು ಅಳತಿ ಬಾಕಿ ಐತಿ, ಅದು ಮುಖ್ಯ. ಎರಡು ಸಲ ಆರ್ಕ್ ಆದ ಸಾಕೆಟ್ ಚಲೋ ಇರೂದು ಕಷ್ಟ. ಟ್ಯೂಬ್ ತಗದು, ಎಚ್‌ಟಿ ವೈರ್ 4, 6ರಿಂದ ಬಿಚ್ಚಿದಂಗನ ಇಟ್ಟು, ಸ್ಟ್ಯಾಂಡ್‌ಬೈ ತೆರೆದಿಟ್ಟು, ಮೀಟರ್ ಮೆಗಾ ಓಮ್‌ಗೆ ಹಾಕಿ 4ರಿಂದ 8, 6ರಿಂದ 8 ನೋಡ್ರಿ. ಎರಡೂ ಕಡೆ ಮೀಟರ್ ಸುಮ್ನಿರಬೇಕು, ಏನೂ ತೋರಸಬಾರದು.

ವೈರ್ ಬಿಚ್ಚದ 4ರಿಂದ 6 ಮಾತ್ರ ನೋಡಿ ಉಪಯೋಗಿಲ್ಲ. ವೈಂಡಿಂಗ್ ಅಡ್ಡ ಇರ್ತೈತಿ, ಯಾವಾಗೂ 220 ಓಮ್ ಸುತ್ತ ತೋರಸ್ತೈತಿ.

ಆಮ್ಯಾಲೆ ಚಾಸಿ ಬೋರಲು ಮಾಡಿ ಟಾರ್ಚ್ ಬಿಟ್ಟು ಪಿನ್ ನಡುವಿನ ಬೇಕಲೈಟ್ ನೋಡ್ರಿ. ಕೂದಲೆಳೆಯಂಥಾ ಕರಿ ಗೆರಿ ಕಾಣ್ತೈತೇನು?

ಆರನೇ ತಂತಿ (ಹುಬ್ಬಳ್ಳಿ)

4ರಿಂದ 8 ಏನೂ ಇಲ್ಲ. 6ರಿಂದ 8ಕ್ಕ 38ಕೆ ತೋರಸಾಕತ್ತೈತಿ! ಟಾರ್ಚ್ ಬಿಟ್ಟು ನೋಡಿದ್ರ 6, 7, 8 ನಡುವ ಕಂದು ಕಲಿ, ಅದರೊಳಗ ಸಣ್ಣ ಕರಿ ಗೆರಿ 7ನೇ ಪಿನ್ ಬುಡ ಹಾದು ಹೋಗೈತಿ. 7ನೇ ಪಿನ್‌ಗೆ ಏನೂ ಕೂಡಿಸಿಲ್ಲ. ಐಸೋಪ್ರೊಪೈಲ್‌ನಿಂದ ಒರಸಿದ್ರ ನಡೀತೈತಾ?

ವಾಲ್ವ್ ಕಾಕಾ (ಧಾರವಾಡ)

ಇಲ್ಲ. ಮ್ಯಾಲಿನ ಮಸಿ ಹೋಗ್ತೈತಿ, ಬೇಕಲೈಟ್ ಸುಟ್ಟು ಇಂಗಾಲ ಆಗಿದ್ದು ಹೋಗೂದಿಲ್ಲ. ಕೆರದು ತಗದ್ರೂ ಉಳದ ಇಂಗಾಲ ಮಳೆಗಾಲದ ತಂಪಿಗೆ ಮತ್ತ ದಾರಿ ಮಾಡ್ಕೊಳ್ತೈತಿ, ನಮ್ಮ ಧಾರವಾಡದ ಜುಲೈದಾಗಂತೂ ಕೇಳಬ್ಯಾಡ್ರಿ. ಸಾಕೆಟ್ ಬದಲಸ್ರಿ, ಸಿರಾಮಿಕ್ ಆಕ್ಟಲ್ ಸಾಕೆಟ್.

6ನೇ ಪಿನ್ ಮ್ಯಾಲೆ 325 ವೋಲ್ಟ್ ಎಸಿ, 8ನೇ ಪಿನ್ ಮ್ಯಾಲೆ ಬಿ ಪ್ಲಸ್ ಡಿಸಿ. ಎಸಿ ಅರ್ಧ ಸೈಕಲ್ ಉಲ್ಟಾ ಹೋದಾಗ ಆ ಗೆರಿ ಮ್ಯಾಲೆ 800 ವೋಲ್ಟ್ ದಾಟಿ ನಿಲ್ತೈತಿ. ಮೀಟರ್ ಒಂದೆರಡು ವೋಲ್ಟಿನಿಂದ ಅಳೀತೈತಿ, ಅದಕ್ಕ 38ಕೆ ಕಾಣ್ತು. 800 ವೋಲ್ಟಿಗೆ ಅದು ಬೆಂಕಿ ಹತ್ತೂ ದಾರಿ. ಡಬ್ಬಿಯೊಳಗಿನ ಹೊಸಾ 5ವೈ3 ಇವತ್ತ ಹಾಕಿದ್ರ ಮೂರನೇದು ಆಗ್ತಿತ್ತು.

ವಿದ್ಯಾನಗರ ಎಲೆಕ್ಟ್ರಿಕಲ್

ಸಾಕೆಟ್ ಬಿಚ್ಚಿದಾಗಲೇ ಮಾಡಬೇಕಾದ ಉಳಿದ ಕೆಲಸಗಳನ್ನು ಹೇಳುತ್ತೇನೆ. ಮತ್ತೆ ಮತ್ತೆ ಚಾಸಿ ತೆಗೆಯುವುದು ಯಾಕೆ.

ಮೊದಲನೇ ಕೆಪ್ಯಾಸಿಟರ್ 22 ಮೈಕ್ರೋಫ್ಯಾರಡ್ 500 ವೋಲ್ಟ್. ಮೂಲ ಸರ್ಕೀಟಿನಲ್ಲಿ 16 ಇತ್ತು, ಇಂದು ಸುಲಭಕ್ಕೆ ಸಿಗುವುದು 22, ಅದು ನಡೆಯುತ್ತದೆ. 47 ಮೈಕ್ರೋಫ್ಯಾರಡ್ ಜಿಝೆಡ್34ಕ್ಕೆ ಒಪ್ಪುತ್ತದೆ, ಏಕೆಂದರೆ ಅದರ ಮಿತಿ 60. ಆದರೆ 5ವೈ3 ಮುಂದೆ ಬೇಡ. ಹಮ್ (ಸ್ಪೀಕರಿನ ಗುಂಯ್ ಸದ್ದು) ಕಡಿಮೆಯಾಗಲಿ ಎಂದು ಯಾರೋ ಹಾಕಿರಬೇಕು. ಹಮ್ ಇಳಿಸಬೇಕಿದ್ದರೆ ಎರಡನೇ, ಮೂರನೇ ಕೆಪ್ಯಾಸಿಟರ್ ದೊಡ್ಡದು ಮಾಡಿ. ಅವುಗಳ ಮುಂದೆ 4.7ಕೆ, 22ಕೆ ರೆಸಿಸ್ಟರ್ ಇರುವುದರಿಂದ ರೆಕ್ಟಿಫೈಯರ್‌ಗೆ ಅದರ ಭಾರ ತಟ್ಟುವುದಿಲ್ಲ.

ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಶಾಶ್ವತವಾಗಿ ಜೋಡಿಸಿಬಿಡುವುದು ಉತ್ತಮ. ಬೇಕೇ ಬೇಕು ಎನ್ನುವವರು ಮೊದಲನೇ ಕೆಪ್ಯಾಸಿಟರ್ ಆದ ಮೇಲೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಹೋಗುವ ದಾರಿಯಲ್ಲಿ ಇಡಲಿ, ಸ್ವಿಚ್ಚಿಗೆ ಅಡ್ಡಲಾಗಿ 47ಕೆ 3 ವ್ಯಾಟ್ ರೆಸಿಸ್ಟರ್ ಹಾಕಲಿ. ಆಗ ಮೊದಲನೇ ಕೆಪ್ಯಾಸಿಟರ್ ಫಿಲಮೆಂಟ್ ಕಾಯುತ್ತಿದ್ದಂತೆಯೇ ತುಂಬಿಕೊಳ್ಳುತ್ತದೆ, ಹೊಡೆತವಿಲ್ಲ. 250 ವೋಲ್ಟ್ ಎಸಿ ಎಂದು ಬರೆದ ಸಣ್ಣ ಟಾಗಲ್ 400 ವೋಲ್ಟ್ ಡಿಸಿಗೆ ಲಾಯಕ್ಕಲ್ಲ. ಡಿಸಿ ಆರ್ಕ್ ಎಸಿಯಂತೆ ಸೊನ್ನೆ ದಾಟುವಾಗ ಆರುವುದಿಲ್ಲ.

ಮೇನ್ಸ್ ಫ್ಯೂಸ್ 1 ಆಂಪಿಯರ್ ಸ್ಲೋ ಬ್ಲೋ (ಕ್ಷಣದ ಹೊಡೆತ ತಾಳುವಂಥದ್ದು). ಅಮೆರಿಕದ ನಕ್ಷೆಯಲ್ಲಿ 2 ಆಂಪಿಯರ್ ಇರುವುದು 120 ವೋಲ್ಟಿಗೆ, ಇಲ್ಲಿ 230ಕ್ಕೆ ಅದರ ಅರ್ಧ ಸಾಕು. 3 ಹಾಕಿದ್ದು ಫ್ಯೂಸ್ ಹೋಗಬಾರದೆಂದು, ಆದರೆ ಹೋಗುವುದೇ ಅದರ ಕೆಲಸ. ಜೊತೆಗೆ ಎಚ್‌ಟಿ ಸೆಂಟರ್ ಟ್ಯಾಪ್ ಮತ್ತು ಗ್ರೌಂಡ್ ನಡುವೆ 250 ಮಿಲಿಆಂಪ್ ಸ್ಲೋ ಬ್ಲೋ ಇನ್ನೊಂದು. ಡಿಸಿ 90 ಮಿಲಿಆಂಪ್ ಇದ್ದರೂ ಕೆಪ್ಯಾಸಿಟರ್ ತುಂಬುವ ಕರೆಂಟ್ ತುಂಡು ತುಂಡಾಗಿ ಹರಿಯುವುದರಿಂದ ಅದರ ಆರ್‌ಎಂಎಸ್ ಹೆಚ್ಚು, ಹಾಗಾಗಿ 100 ಮಿಲಿಆಂಪ್ ಫ್ಯೂಸ್ ಸುಮ್ಮಸುಮ್ಮನೆ ಹೋಗುತ್ತದೆ.

ಕೊನೆಯದು ಡಯೋಡ್. 1ಎನ್4007 ನಾಲ್ಕು ತನ್ನಿ. ಎರಡನ್ನು ಸರಣಿಯಲ್ಲಿ ಬೆಸೆದು ಟ್ರಾನ್ಸ್‌ಫಾರ್ಮರ್‌ನ ಒಂದು ಎಚ್‌ಟಿ ವೈರಿಗೂ 4ನೇ ಪಿನ್ನಿಗೂ ನಡುವೆ, ಇನ್ನೆರಡನ್ನು ಇನ್ನೊಂದು ವೈರಿಗೂ 6ನೇ ಪಿನ್ನಿಗೂ ನಡುವೆ. ಬೆಳ್ಳಿ ಗೆರೆ ಇರುವ ತುದಿ ಟ್ಯೂಬಿನ ಕಡೆಗೆ. ಒಂದೇ ಡಯೋಡ್ ಸಾಲದು: ಉಲ್ಟಾ ವೋಲ್ಟೇಜ್ 325 ಗುಣಿಸು 2.83, ಅಂದರೆ 920. ಒಂದರ ಮಿತಿ 1000, ಲೈನ್ ತುಸು ಏರಿದರೂ ಮುಗಿಯಿತು. ಟ್ಯೂಬ್ ಒಳಗೆ ಶಾರ್ಟ್ ಆದರೂ ಈ ಡಯೋಡ್‌ಗಳು ಎಸಿಯನ್ನು ಕೆಪ್ಯಾಸಿಟರ್ ಕಡೆ ಹೋಗಗೊಡುವುದಿಲ್ಲ. ಟ್ಯೂಬಿನ ವೋಲ್ಟೇಜ್ ಇಳಿತ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಸ್ವರದಲ್ಲಿ ವ್ಯತ್ಯಾಸವಿಲ್ಲ.

ಹಾವೇರಿ ಆರ್ಕೆಸ್ಟ್ರಾ

ಹಂಗಾದ್ರ ಟ್ಯೂಬ್ ಪೂರಾ ಬಿಟ್ಟು ಡಯೋಡ್ ಪ್ಲಗ್ಗನ ಹಾಕಿದ್ರ ಆತಲ್ರಿ. ಆಕ್ಟಲ್ ಬುಡಕ್ಕ ಡಯೋಡ್ ಹಾಕಿ ಮಾರ್ತಾರ.

ಬೆಟಗೇರಿ ಸೋಲ್ಡರ್ (ಗದಗ)

ಈ ಸರ್ಕೀಟಿಗೆ ಒಪ್ಪೂದಿಲ್ಲ. ಡಯೋಡಿನ್ಯಾಗ ಬೀಳೂದು ಒಂದೆರಡು ವೋಲ್ಟ್. ಜಿಝೆಡ್34 ಹಾಕಿದಾಗನ 402 ಬಂದಿತ್ತು, ಡಯೋಡಿಗೆ ಅದನ್ನೂ ದಾಟ್ತೈತಿ. ಮ್ಯಾಲೆ ಪವರ್ ಹಾಕಿದ ಕ್ಷಣಕ್ಕ 460 ಕೆಪ್ಯಾಸಿಟರ್ ಮ್ಯಾಲೆ. ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್‌ನಾಗ ಸ್ವಿಚ್ ಹಾಕಿ ಟ್ಯೂಬೋ ಡಯೋಡೋ ಅಂತ ಆರಿಸ್ಬಹುದು, ಯಾಕಂದ್ರ ಅದನ್ನ ಎರಡಕ್ಕೂ ಅಂತನ ಕಟ್ಟ್ಯಾರ.

ಗಟ್ಟಿ ಬಾರಿಸಿದಾಗ ವೋಲ್ಟೇಜ್ ತುಸು ಕುಸದು ಮತ್ತ ಏಳೂದು, ಆ ಮೆತ್ತಗಿನ ಹಿಡಿತ ಟ್ವೀಡ್‌ನ ಜೀವ. ಡಯೋಡ್ ಹಾಕಿದ್ರ ಅದು ಹೋತು. ಬ್ಲೂಸ್ ಬಾರಸವ್ರಿಗೆ ಗೊತ್ತಾಗ್ತೈತಿ, ಮೆಟಲ್‌ದವ್ರಿಗೆ ಬ್ಯಾಡ ಆಗಿದ್ದ ಅದು.

ಆರನೇ ತಂತಿ (ಹುಬ್ಬಳ್ಳಿ)

ಸಾಮಾನು ಎಲ್ಲಾ ಸಿಕ್ತು, ಬೆಸುಗಿ ಆತು. ಸಿರಾಮಿಕ್ ಸಾಕೆಟ್, 22/500, ಡಯೋಡ್ ನಾಲ್ಕು, ಫ್ಯೂಸ್ ಎರಡೂ. ಸ್ಟ್ಯಾಂಡ್‌ಬೈ ಬೈಪಾಸ್ ಮಾಡಿದೆ. 6ರಿಂದ 8 ಈಗ ಮೀಟರ್ ಏನೂ ತೋರಸೂದಿಲ್ಲ. ಸೀರೀಸ್ ಬಲ್ಬ್ ಬೋರ್ಡ್ (ಮೇನ್ಸ್ ದಾರ್ಯಾಗ ಬಲ್ಬ್ ಹಾಕಿ ಕರೆಂಟ್ ತಡಿಯೂದು) ಮಾಡ್ಕೊಂಡೀನಿ, ಮನ್ಯಾಗ 40 ವ್ಯಾಟ್ ಬಲ್ಬ್ ಐತಿ. ಅದನ್ನ ಹಾಕ್ಲೇನು? ಮೊದಲ ಯಾವ ಟ್ಯೂಬ್ ಹಾಕ್ಲಿ?

ವಾಲ್ವ್ ಕಾಕಾ (ಧಾರವಾಡ)

40 ಬ್ಯಾಡ, ದಾರಿ ತಪ್ಪಸ್ತೈತಿ. ಲೆಕ್ಕ ನೋಡ್ರಿ: 5ವೈ3 ಫಿಲಮೆಂಟ್ 10 ವ್ಯಾಟ್, ಎರಡು 6ವಿ6 ಎರಡು ಪ್ರಿಆಂಪ್ ಟ್ಯೂಬ್ ಕೂಡಿ 6.3 ವೋಲ್ಟ್ ಮ್ಯಾಲೆ 1.5 ಆಂಪಿಯರ್, ಅಂದ್ರ 9 ಚಿಲ್ಲರೆ. ಹೀಟರಿಗಷ್ಟ 20 ವ್ಯಾಟ್ ಬೇಕು, 40ರ ಬಲ್ಬ್ ಯಾವಾಗೂ ಉರೀತೈತಿ. ಹೀಟರಿಗೆ ವೋಲ್ಟ್ ಸಾಲದ 5ವೈ3 ಕಾಯೂದಿಲ್ಲ, ಬಿ ಪ್ಲಸ್ ಬರೂದಿಲ್ಲ, ನೀವು ಚಲೋ ಟ್ಯೂಬನ್ನ ಸತ್ತೈತಿ ಅಂತೀರಿ. 100 ವ್ಯಾಟಿನ ಫಿಲಮೆಂಟ್ ಬಲ್ಬ್ ಹುಡುಕ್ರಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕ ಬರೂದಿಲ್ಲ.

ಕ್ರಮ ಹಿಂಗ. ಟ್ಯೂಬ್ ಒಂದೂ ಇಲ್ಲದ ಪವರ್ ಹಾಕ್ರಿ. ಬಲ್ಬ್ ಒಮ್ಮೆ ಮಿಂಚಿ ಪೂರಾ ಮಂಕಾಗಬೇಕು. ಆಗಲಿಲ್ಲಂದ್ರ ಟ್ರಾನ್ಸ್‌ಫಾರ್ಮರ್ ಹೋಗೈತಿ, ಮುಂದಿನದು ಓದಬ್ಯಾಡ್ರಿ. ಎಚ್‌ಟಿ ಎಸಿ 4ರಿಂದ ಗ್ರೌಂಡ್, 6ರಿಂದ ಗ್ರೌಂಡ್ ಅಳೀರಿ. ಡಯೋಡ್ ಹಾಕೀರಿ, ಹಂಗಾಗಿ ಪಿನ್ ಮ್ಯಾಲೆ ಅಲ್ಲ, ಡಯೋಡಿನ ಟ್ರಾನ್ಸ್‌ಫಾರ್ಮರ್ ಕಡೆ ತುದಿಗೆ ಅಳೀಬೇಕು. ಎರಡೂ ಸಮ ಬರಬೇಕು.

ಆಮ್ಯಾಲೆ 5ವೈ3 ಒಂದ. ಬಲ್ಬ್ ಪೂರಾ ಹೊಳದು ಹಂಗ ನಿಂತ್ರ ಮುಂದ ಶಾರ್ಟ್ ಐತಿ. ಮಂಕಾದ್ರ ಚಲೋ. ಆದ್ರ ಹಿಂಗ ಭಾಳ ಹೊತ್ತು ಬಿಡಬ್ಯಾಡ್ರಿ. ಲೋಡ್ ಇಲ್ಲ, ಬಿ ಪ್ಲಸ್ ಶಿಖರಕ್ಕ ಹೋಗ್ತೈತಿ. ಮುಂದಿನ ಎರಡು ಕೆಪ್ಯಾಸಿಟರ್ ಇನ್ನೂ 450 ವೋಲ್ಟಿನವ ಅಲ್ಲ? ಅವಕ್ಕೂ 500 ಹಾಕಿದ್ರ ಚಲೋ.

ಮೂರನೇದಾಗಿ 6ವಿ6, ಸ್ಪೀಕರ್ ಹಚ್ಚಿ. ಸ್ಪೀಕರ್ ಇಲ್ಲದ ಒಮ್ಮೆಯೂ ಬ್ಯಾಡ. ಒಂದು 6ವಿ6 ಹಾಕಿದಾಗ ಚಲೋ, ಇನ್ನೊಂದು ಹಾಕಿದಾಗ ಬಲ್ಬ್ ಝಗ್ ಅಂದ್ರ ಆ ಟ್ಯೂಬ್ ಒಳಗ ಶಾರ್ಟ್. ಪೆನ್ಸಿಲ್‌ನ ರಬ್ಬರ್ ತುದೀಲೆ ಮೆಲ್ಲಕ ತಟ್ಟಿ ನೋಡ್ರಿ, ಕೆಲವು ಬಿಸಿ ಆದ ಮ್ಯಾಲೆ, ಅಲುಗಿದಾಗಷ್ಟ ಶಾರ್ಟ್ ಆಗ್ತಾವು. ರೆಕ್ಟಿಫೈಯರ್ ಕೊಲ್ಲೂ ದೊಡ್ಡ ಕಳ್ಳ ಅಂದ್ರ ಅದ.

ಆರನೇ ತಂತಿ (ಹುಬ್ಬಳ್ಳಿ)

100 ವ್ಯಾಟ್ ಬಲ್ಬ್ ಹಳೇ ಸ್ಟಾಕಿನ್ಯಾಗ ಸಿಕ್ತು. ಕೆಪ್ಯಾಸಿಟರ್ ಉಳದವೂ 500ಕ್ಕ ಬದಲಸಿದೆ. ಕಾಕಾ ಹೇಳಿದ ಕ್ರಮದಾಗ ಎಲ್ಲಾ ಹಾದು ಬಂತು. ಬಲ್ಬ್ ತಗದು ನೇರ ಲೈನಿಗೆ ಹಾಕಿದ ಮ್ಯಾಲೆ: ಲೈನ್ 238, ಫಿಲಮೆಂಟ್ 5.2, ಬಿ ಪ್ಲಸ್ 362, 6ವಿ6 ಪ್ಲೇಟ್ 354, ಕ್ಯಾಥೋಡ್ 19.6.

ಸಪ್ಪಳ ಚಲೋ ಬಂತು, ಆದ್ರ ಹಮ್ ಮೊದಲಿಗಿಂತ ತುಸು ಹೆಚ್ಚು ಅನಸ್ತೈತಿ. ವಾಲ್ಯೂಮ್ ಪೂರಾ ಇಳಿಸಿದ್ರೂ ಅಷ್ಟ ಇರ್ತೈತಿ.

ವಿದ್ಯಾನಗರ ಎಲೆಕ್ಟ್ರಿಕಲ್

19.6 ಭಾಗ 250 ಎಂದರೆ 78 ಮಿಲಿಆಂಪ್. ಸ್ಕ್ರೀನಿಗೆ 5 ಬಿಟ್ಟರೆ ತಲಾ 36.5. ಗುಣಿಸು 334 ವೋಲ್ಟ್, 12.2 ವ್ಯಾಟ್. ಸರಿಯಾಗಿದೆ. ಕ್ಯಾಥೋಡ್ ಬೈಪಾಸ್ ಕೆಪ್ಯಾಸಿಟರ್ 25 ವೋಲ್ಟಿನದಾದರೆ 50ರದು ಹಾಕಿಬಿಡಿ. 23 ವೋಲ್ಟಿನಲ್ಲಿ ಅದೂ ಬಳಲಿದೆ.

ಹಮ್ ವಿಷಯ. ವಾಲ್ಯೂಮ್‌ಗೆ ಬಗ್ಗದ ಹಮ್ ಪವರ್ ಸಪ್ಲೈ ಅಥವಾ ಔಟ್‌ಪುಟ್ ಹಂತದ್ದು. 47 ತೆಗೆದು 22 ಹಾಕಿದ್ದರಿಂದ ಸ್ವಲ್ಪ ಏರುವುದು ಸಹಜ. ಆದರೂ ರೆಕ್ಟಿಫೈಯರ್‌ನ ಎರಡೂ ಅರ್ಧ ದುಡಿಯುತ್ತಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮೀಟರ್ ಎಸಿಗೆ ಹಾಕಿ ಮೊದಲನೇ ಕೆಪ್ಯಾಸಿಟರ್ ಮೇಲೆ ರಿಪಲ್ (ಡಿಸಿ ಮೇಲೆ ಉಳಿದ ಎಸಿ ಏರಿಳಿತ) ನೋಡಿ. 80 ಮಿಲಿಆಂಪಿಗೆ, 22 ಮೈಕ್ರೋಫ್ಯಾರಡ್‌ಗೆ 8ರಿಂದ 10 ವೋಲ್ಟ್ ಬರಬೇಕು. 20ರ ಸುತ್ತ ಬಂದರೆ ಒಂದು ಪ್ಲೇಟ್ ದುಡಿಯುತ್ತಿಲ್ಲ: ಟ್ಯೂಬ್ ಅರ್ಧ ಸತ್ತಿದೆ, ಇಲ್ಲವೇ ಆ ಕಡೆಯ ಡಯೋಡ್ ಉಲ್ಟಾ ಕೂತಿದೆ.

ಕಿವಿಯಿಂದಲೂ ಹಿಡಿಯಬಹುದು. ನಮ್ಮ ಲೈನ್ 50 ಹರ್ಟ್ಸ್, ಎರಡೂ ಅರ್ಧ ದುಡಿದರೆ ಹಮ್ 100 ಹರ್ಟ್ಸ್. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಸ್ವರ, 98 ಹರ್ಟ್ಸ್. ಹಮ್ ಅದಕ್ಕಿಂತ ಕೂದಲೆಳೆ ಏರಿರುತ್ತದೆ, ಟ್ಯೂನರ್‌ನಲ್ಲಿ 35 ಸೆಂಟ್ (ಒಂದು ಫ್ರೆಟ್ ಅಂತರದ ನೂರನೇ ಭಾಗ ಒಂದು ಸೆಂಟ್) ಹೆಚ್ಚು. ಒಂದೇ ಅರ್ಧ ದುಡಿದರೆ ಕೆಳಗಿನ ಸಪ್ತಕದ ಜಿ ಬರುತ್ತದೆ, ಆದರೆ ಗಿಟಾರ್ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ಹೊರಡಿಸುವುದಿಲ್ಲ. ಹಾಗಾಗಿ ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ 150ರಲ್ಲಿ ಏಳುವ ಗೆರೆ ನೋಡಿ. ಪೂರ್ಣ ತರಂಗದ ರಿಪಲ್‌ನಲ್ಲಿ 100, 200, 300 ಮಾತ್ರ ಇರುತ್ತವೆ.

ಆರನೇ ತಂತಿ (ಹುಬ್ಬಳ್ಳಿ)

ರಿಪಲ್ 9 ವೋಲ್ಟ್. ಮೂರನೇ ಫ್ರೆಟ್ ಮೀಟಿ ಹಮ್ ಜೋಡಿ ಕೇಳಿದೆ, ಹಮ್ ತುಸು ಮ್ಯಾಲೆ ಐತಿ. ಆ್ಯಪಿನ್ಯಾಗ 150ರ ಗೆರಿ ಇಲ್ಲ. ಎರಡನೇ ಕೆಪ್ಯಾಸಿಟರ್ 33 ಮಾಡಿದೆ, ಹಮ್ ಇಳೀತು.

ಹಾವೇರಿ ಆರ್ಕೆಸ್ಟ್ರಾ

ಇದರೊಳಗ ನಂದೂ ಒಂದು ಕೇಳ್ತೀನ್ರಿ. ನಮ್ಮ ಕಡೆ ಮಾರ್ಷಲ್ 18 ವ್ಯಾಟ್ ನಮೂನಿ ಆಂಪ್ಲಿಫೈಯರ್ ಐತಿ, ಇಎಲ್84 ಎರಡು, ರೆಕ್ಟಿಫೈಯರ್ ಇಝೆಡ್81. ಅದು ಸೋತೈತಿ. ಹಳೇ ರೇಡಿಯೋದಾಗಿನ ಇಝೆಡ್80 ಹಾಕಿದ್ರ ಕೂಡ್ತೈತಿ, ಪಿನ್ನೂ ಒಂದ. ಜಾತ್ರಿ ಕಾರ್ಯಕ್ರಮಕ್ಕ ಸಾಕೇನು?

ವಾಲ್ವ್ ಕಾಕಾ (ಧಾರವಾಡ)

ಪಿನ್ ಒಂದ, ತಾಕತ್ತು ಒಂದಲ್ಲ. ಇಝೆಡ್80 ಕೊಡೂದು 90 ಮಿಲಿಆಂಪ್, ಇಝೆಡ್81 ಕೊಡೂದು 150. ಎರಡು ಇಎಲ್84, ಪ್ರಿಆಂಪ್ ಕೂಡಿ ಆ ಪೆಟ್ಟಿಗಿ ಸುಮ್ನ ಕೂತಾಗನ 90ರ ಹತ್ರ ಎಳೀತೈತಿ. ಗಟ್ಟಿ ಬಾರಿಸಿದ ಕೂಡ್ಲೆ ದಾಟ್ತೈತಿ. ರೇಡಿಯೋದಾಗಿನ ಇಝೆಡ್80 ರೇಡಿಯೋಕ್ಕ ಇರಲಿ. ಆ ರೇಡಿಯೋದಾಗ ಬೆಂಗಳೂರಿನ ಬಿಇಎಲ್ ಇಎಲ್84 ಇದ್ರ ಮಾತ್ರ ತಗದು ಜ್ವಾಪಾನ ಇಡ್ರಿ, ಅದು ಉಪಯೋಗಕ್ಕ ಬರ್ತೈತಿ.

ಇಝೆಡ್81 ಬದಲಸೂ ಮೊದಲ ಒಂದು ನೋಡ್ರಿ. ಇದರ ಹೀಟರ್ 6.3 ವೋಲ್ಟಿಂದು. ಭಾಳ ಆಂಪ್ಲಿಫೈಯರಿನ್ಯಾಗ ಉಳದ ಟ್ಯೂಬ್ ಹೀಟರ್ ಜೋಡಿನ ಕೂಡಿರ್ತೈತಿ. ಒಳಗ ಹೀಟರ್ ಮತ್ತ ಕ್ಯಾಥೋಡ್ ನಡುವಿನ ಇನ್ಸುಲೇಷನ್ ಒಡದ್ರ ಪೂರಾ ಬಿ ಪ್ಲಸ್ ಹೀಟರ್ ಲೈನಿಗೆ ಇಳೀತೈತಿ. ಹೀಟರ್ ಲೈನಿನಿಂದ ಗ್ರೌಂಡಿಗೆ ಹಾಕಿದ ಎರಡು 100 ಓಮ್ ರೆಸಿಸ್ಟರ್ ಕರ್ರಗಾಗಿದ್ರ, ಬಣ್ಣದ ಪಟ್ಟಿ ಅಳಿಸಿ ಹೋಗಿದ್ರ, ಆಗಿದ್ದು ಅದ. ಆ ರೆಸಿಸ್ಟರ್ ಬದಲಸ್ರಿ, ಇಲ್ಲಂದ್ರ ಹೊಸಾ ಟ್ಯೂಬ್ ಹಾಕಿದ್ರೂ ಹಮ್ ಹೋಗೂದಿಲ್ಲ.

ಹಾವೇರಿ ಆರ್ಕೆಸ್ಟ್ರಾ

ಒಂದು ರೆಸಿಸ್ಟರ್ ಕರ್ರಗಾಗೈತ್ರಿ ಕಾಕಾ, ಇನ್ನೊಂದು ಚಲೋ ಕಾಣ್ತೈತಿ. ಜಾತ್ರ್ಯಾಗ ಜನರೇಟರ್ ಮ್ಯಾಲೆ ನಡಸೂದು, ಅದರಿಂದ ಆತೇನು?

ವಾಲ್ವ್ ಕಾಕಾ (ಧಾರವಾಡ)

ಎರಡೂ ಬದಲಸ್ರಿ, ಅರ್ಧ ವ್ಯಾಟಿಂದು ಸಾಕು. ದೊಡ್ಡದು ಹಾಕಬ್ಯಾಡ್ರಿ, ಮುಂದ ಹಿಂಗಾದಾಗ ಮೊದಲ ಅದು ಸುಟ್ಟು ಟ್ರಾನ್ಸ್‌ಫಾರ್ಮರ್ ಉಳೀಲಿ.

ಜನರೇಟರ್ ಇದಕ್ಕ ಕಾರಣ ಅಂತ ಹೇಳಾಕ ಬರೂದಿಲ್ಲ, ಆದ್ರ ಅದರ ಮ್ಯಾಲೆ ಹಚ್ಚೂ ಮೊದಲ ವೋಲ್ಟೇಜ್ ಅಳೀರಿ. ಹೀಟರ್ 6.3ಕ್ಕ ಹತ್ತು ಪರ್ಸೆಂಟ್ ಆಕಡೆ ಈಕಡೆ ತಾಳ್ತೈತಿ, 6.9 ದಾಟಬಾರದು. ಲೈಟಿಂಗ್‌ನವ್ರು ದೊಡ್ಡ ಲೋಡ್ ಬಂದ್ ಮಾಡಿದ ಕೂಡ್ಲೆ ಜನರೇಟರ್ 260 ಮುಟ್ಟೂದೂ ಉಂಟು. ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ 240ರ ಟ್ಯಾಪ್ ಇದ್ರ ಜಾತ್ರಿ ಸೀಸನ್ನಿಗೆ ಅದಕ್ಕ ಹಾಕ್ರಿ. ಅಮೆರಿಕದ 120 ವೋಲ್ಟ್ 60 ಹರ್ಟ್ಸಿನ ಪೆಟ್ಟಿಗಿ ಸ್ಟೆಪ್‌ಡೌನ್ ಹಚ್ಚಿ ನಡಸವ್ರು ಇನ್ನೂ ಹುಷಾರಿರಬೇಕು. 50 ಹರ್ಟ್ಸಿಗೆ ಕೋರಿನ ಫ್ಲಕ್ಸ್ 20 ಪರ್ಸೆಂಟ್ ಏರ್ತೈತಿ, ಅದರ ಮ್ಯಾಲೆ ವೋಲ್ಟೇಜೂ ಏರಿದ್ರ ಟ್ರಾನ್ಸ್‌ಫಾರ್ಮರ್ ಕೈ ಇಡಾಕ ಬರದಂಗ ಕಾಯ್ತೈತಿ. ಹಂಗ ಕಾಯ್ದ್ರ 120ರ ಬದ್ಲಿ 110 ವೋಲ್ಟ್ ಕೊಡೂ ಸ್ಟೆಪ್‌ಡೌನ್ ಹಾಕಿ ಹೀಟರ್ ಅಳದು ನೋಡ್ರಿ, 5.7ಕ್ಕಿಂತ ಕೆಳಗ ಇಳೀಬಾರದು.